ಗಡಿಯಲ್ಲಿ ಬಸ್ಸು ನಿಲ್ಲದಿರಲಿ: ಹೊಸೂರು ಸೀಮೆಯಿಂದ ಒಂದು ಮನವಿ



ಸಂಪರ್ಕ ಚೆನ್ನಾಗಿರುವ ಊರುಗಳ ಮಾತು ಬಂದಾಗ ಹೊಸೂರು, ಕೃಷ್ಣಗಿರಿಗಳ ಹೆಸರು ತಪ್ಪದೆ ಬರುತ್ತದೆ. ಅದರಲ್ಲಿ ಸುಳ್ಳೇನೂ ಇಲ್ಲ. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿ, ದೇಶದಲ್ಲೇ ಅತಿ ಉದ್ದದ್ದು, ಎರಡೂ ಊರುಗಳನ್ನು ಹಾದು ಹೋಗುತ್ತದೆ. ದೆಹಲಿಯಿಂದ ಮುಂಬೈ, ಹುಬ್ಬಳ್ಳಿ, ತುಮಕೂರು ದಾಟಿ ಬರುವ 48ನೇ ಹೆದ್ದಾರಿ ಕೃಷ್ಣಗಿರಿಯಲ್ಲಿ ಚೆನ್ನೈ ಕಡೆಗೆ ತಿರುಗುತ್ತದೆ. ತಿಂಡಿವನಂಗೆ ಹೋಗುವ 77, ಕುಪ್ಪಂ ಮೇಲಿಂದ ಮದನಪಲ್ಲಿಗೆ ಹೋಗುವ 42 ಕೂಡ ಅಲ್ಲಿಂದಲೇ ಕವಲೊಡೆಯುತ್ತವೆ. ಹೊಸೂರು ಬೆಂಗಳೂರಿಗೆ ನಲವತ್ತು ಕಿಲೋಮೀಟರ್. 2023ರ ಡಿಸೆಂಬರ್ 30ರಂದು ಶುರುವಾದ ಬೆಂಗಳೂರು–ಕೊಯಮತ್ತೂರು ವಂದೇ ಭಾರತ್ ರೈಲಿಗೆ ಹೊಸೂರಿನಲ್ಲಿ ನಿಲುಗಡೆ ಇದೆ. ಬೆಂಗಳೂರನ್ನು ಸುತ್ತಿ ಬರುವ ಉಪನಗರ ವರ್ತುಲ ರಸ್ತೆಯೂ ಹೊಸೂರಿನ ಮಗ್ಗುಲಲ್ಲೇ ಸಾಗುತ್ತದೆ.

ಇಷ್ಟೆಲ್ಲ ಇದ್ದೂ ಅಂಚೆಟ್ಟಿ ಕಡೆಯ ಒಬ್ಬ ಹೆಣ್ಣುಮಗಳು ಬೆಳಗಿನ ಪಾಳಿಗೆ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶವನ್ನು ಮುಟ್ಟಬೇಕಾದರೆ, ತಳಿಯ ಕನ್ನಡ ಶಾಲೆಯಲ್ಲಿ ಓದಿದ ಹುಡುಗ ಆನೇಕಲ್ಲಿನ ಕಾಲೇಜಿಗೆ ಹೋಗಬೇಕಾದರೆ, ಬಾಗಲೂರಿನ ರೈತ ಹೂವಿನ ಮೂಟೆಯನ್ನು ಹೊತ್ತಿಗೆ ಸರಿಯಾಗಿ ಬೆಂಗಳೂರಿನ ಮಾರುಕಟ್ಟೆಗೆ ಸೇರಿಸಬೇಕಾದರೆ ಈ ದೊಡ್ಡ ದಾರಿಗಳಲ್ಲಿ ಎಷ್ಟು ಅವರ ಉಪಯೋಗಕ್ಕೆ ಬರುತ್ತವೆ? ಈ ಪ್ರಶ್ನೆಯನ್ನು ನಿಮ್ಮ ಮುಂದಿಡುವುದಕ್ಕಾಗಿಯೇ ಬರೆಯುತ್ತಿದ್ದೇನೆ. ದಾರಿಗಳು ನಮ್ಮ ಸೀಮೆಯ ಮೇಲೆ ಹಾದು ಹೋಗುತ್ತಿವೆ. ಇಲ್ಲಿ ಬದುಕುವವರ ನಿತ್ಯದ ಓಡಾಟಕ್ಕೆ ಬೇಕಾದದ್ದು ಇನ್ನೂ ಆಗಿಲ್ಲ. ಅದನ್ನು ಮಾಡಿಸಿಕೊಳ್ಳಲು ನಿಮ್ಮೆಲ್ಲರ ಸಹಾಯ ಬೇಕು. ಬೆಂಗಳೂರಿನಲ್ಲಿ ಕುಳಿತು ಇದನ್ನು ಓದುತ್ತಿರುವವರ ಸಹಾಯವೂ ಬೇಕು.

ನಾವು ಯಾರು ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಬೆಂಗಳೂರಿನ ಅನೇಕರಿಗೆ ಹೊಸೂರು ಎಂದರೆ ರಸ್ತೆಯೊಂದರ ಹೆಸರು ಮಾತ್ರ. ಹೊಸೂರು, ಮತ್ತಿಗಿರಿ, ಬಾಗಲೂರು, ಬೇರಿಕೆ, ಕೆಲಮಂಗಲ, ಡೆಂಕಣಿಕೋಟೆ, ತಳಿ, ಜವಳಗಿರಿ, ಅಂಚೆಟ್ಟಿಗಳ ಸುತ್ತ ಕನ್ನಡ ಮನೆಮಾತಾಗಿರುವ ಹಳ್ಳಿಗಳು ತುಂಬಾ ಇವೆ. ತೆಲುಗು, ತಮಿಳು, ಕನ್ನಡ ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ನೆಲ ಇದು. 1792ರಲ್ಲಿ ಟಿಪ್ಪು ಸುಲ್ತಾನ ಕೃಷ್ಣಗಿರಿ ಸುತ್ತಲಿನ ಬಾರಾಮಹಲ್ ಪ್ರದೇಶವನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. 1799ರಲ್ಲಿ ಅವನ ಪತನದ ನಂತರ ನಮ್ಮ ಸೀಮೆಯೂ ಇಂಗ್ಲಿಷರ ಕೈಗೆ ಹೋಗಿ ಸೇಲಂ ಜಿಲ್ಲೆಗೆ ಸೇರಿತು, 1965ರಲ್ಲಿ ಧರ್ಮಪುರಿ ಜಿಲ್ಲೆಗೆ, 2004ರ ಫೆಬ್ರುವರಿಯಲ್ಲಿ ಕೃಷ್ಣಗಿರಿ ಜಿಲ್ಲೆಗೆ. ಮೈಸೂರು ಸಂಸ್ಥಾನಕ್ಕೂ ಮದ್ರಾಸ್ ಪ್ರಾಂತ್ಯಕ್ಕೂ ಇದ್ದ ಹಳೆಯ ಗಡಿಯೇ 1956ರಲ್ಲಿ ಎರಡು ರಾಜ್ಯಗಳ ಗಡಿಯಾಗಿ ಉಳಿಯಿತು. ಆ ಗೆರೆ ನಮ್ಮ ಬೀಗತನವನ್ನಾಗಲಿ, ವ್ಯಾಪಾರವನ್ನಾಗಲಿ ಕಡಿಯಲಿಲ್ಲ. ಹೆಣ್ಣು ಕೊಡುವುದು, ತರುವುದು ಇಂದಿಗೂ ಆನೇಕಲ್, ಮಾಲೂರು, ಸರ್ಜಾಪುರದ ಕಡೆಗೇ. ನಮ್ಮ ನಿಜವಾದ ದಾರಿಗಳು ಆನೇಕಲ್–ತಳಿ, ಸರ್ಜಾಪುರ–ಬಾಗಲೂರು, ಮಾಲೂರು–ಬೇರಿಕೆ. ಆರು ಪಥದ ಹೆದ್ದಾರಿಯ ಬಗ್ಗೆ ಮಾತಾಡುವವರು ಈ ಮೂರು ರಸ್ತೆಗಳ ಹೆಸರನ್ನು ಎತ್ತುವುದೇ ಇಲ್ಲ.

ನಮ್ಮ ಕಷ್ಟದ ಮೂಲ ಇಲ್ಲಿದೆ. ಹೊಸೂರಿನ ಬಸ್ಸು ತಮಿಳುನಾಡು ಸಾರಿಗೆ ನಿಗಮದ ಸೇಲಂ ವಿಭಾಗದ್ದು. ಹೊಸೂರಿನ ರೈಲು ನಿಲ್ದಾಣ ತಮಿಳುನಾಡಿನಲ್ಲಿದ್ದರೂ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಸೇರಿದ್ದು, ಅದರ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಹೆದ್ದಾರಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಹೊಸೂರಿಗೆ ಮೆಟ್ರೊ ತರುವ ಯೋಚನೆ ಚೆನ್ನೈಯಲ್ಲಿ ನಡೆಯುತ್ತದೆ, ಆ ಮೆಟ್ರೊ ಕೂಡಿಕೊಳ್ಳಬೇಕಾದ ಹಳಿ ಬೆಂಗಳೂರಿನ ನಿಗಮದ್ದು. ಒಂದೇ ದಿನದ ಪ್ರಯಾಣಕ್ಕೆ ಇಷ್ಟು ಯಜಮಾನರು. ಇವರು ಯಾರೂ ಕೆಟ್ಟವರಲ್ಲ, ತಂತಮ್ಮ ಗಡಿಯೊಳಗಿನ ಕೆಲಸವನ್ನು ಮಾಡುತ್ತಾರೆ. ಆದರೆ ಗಡಿ ದಾಟುವ ಪ್ರಯಾಣಿಕನ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ. ಅವನು ಗಡಿಯ ಈ ಕಡೆಯ ಜೂಜುವಾಡಿಯವರೆಗೆ ಒಬ್ಬರ ಪ್ರಯಾಣಿಕ, ಆ ಕಡೆಯ ಅತ್ತಿಬೆಲೆಯಿಂದ ಮುಂದೆ ಇನ್ನೊಬ್ಬರ ಪ್ರಯಾಣಿಕ.

ಬಸ್ಸಿನ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಬಡವರ ವಾಹನ ಅದೇ. ಅತ್ತಿಬೆಲೆವರೆಗೆ ಬಿಎಂಟಿಸಿ ಬಸ್ಸುಗಳು ಧಾರಾಳವಾಗಿ ಬರುತ್ತವೆ. ಹೊಸೂರಿನಿಂದ ಜೂಜುವಾಡಿವರೆಗೆ ತಮಿಳುನಾಡಿನ ಟೌನ್ ಬಸ್ಸುಗಳಿವೆ. ಎರಡರ ನಡುವೆ ಇರುವುದು ಕಾಲ್ನಡಿಗೆಯಲ್ಲೇ ದಾಟಬಹುದಾದಷ್ಟು ದೂರ. ನೇರ ಬಸ್ಸುಗಳೂ ಇವೆ, ಆದರೆ ಅವು ಹೆಚ್ಚಾಗಿ ದೂರದೂರಿನವು. ಸೇಲಂ, ಧರ್ಮಪುರಿ, ತಿರುವಣ್ಣಾಮಲೆಯಿಂದ ತುಂಬಿಕೊಂಡೇ ಬರುತ್ತವೆ, ಚಂದಾಪುರಕ್ಕೋ ಬೊಮ್ಮಸಂದ್ರಕ್ಕೋ ಹೋಗುವ ಕೂಲಿಯವರಿಗೆ ಅವುಗಳಲ್ಲಿ ನಿಲ್ಲಲೂ ಜಾಗ ಸಿಗುವುದು ಕಷ್ಟ. ಉಳಿದ ದಾರಿ ಷೇರ್ ಆಟೊ.

ಹೆಂಗಸರ ಪಾಡು ಇನ್ನೂ ವಿಚಿತ್ರವಾಗಿದೆ. ತಮಿಳುನಾಡಿನಲ್ಲಿ 2021ರ ಮೇ ತಿಂಗಳಿಂದ ಸಾಮಾನ್ಯ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಎರಡೂ ಒಳ್ಳೆಯ ಕೆಲಸಗಳು, ಎರಡೂ ಸರ್ಕಾರಗಳಿಗೆ ಇದಕ್ಕಾಗಿ ನಮಸ್ಕಾರ ಹೇಳಲೇಬೇಕು. ಆದರೆ ಶಕ್ತಿ ಯೋಜನೆ ಕರ್ನಾಟಕದ ನಿವಾಸಿಗಳಿಗೆ ಮಾತ್ರ. ತಳಿಯಲ್ಲಿ ಹುಟ್ಟಿ, ಕನ್ನಡದಲ್ಲೇ ಓದಿ, ಬೊಮ್ಮಸಂದ್ರದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಗಳ ಆಧಾರ್ ಕಾರ್ಡಿನಲ್ಲಿ ಕೃಷ್ಣಗಿರಿ ಜಿಲ್ಲೆ ಎಂದಿರುತ್ತದೆ. ಅವಳು ದಿನಾ ಟಿಕೆಟ್ ಕೊಳ್ಳಬೇಕು. ಗಡಿ ದಾಟಿ ದುಡಿಯಲು ಹೋಗುವ ಇಂಥ ಹೆಂಗಸರಿಗೆ ಎರಡೂ ನಿಗಮಗಳು ಸೇರಿ ಒಂದು ತಿಂಗಳ ಪಾಸು ಕೊಡಬಹುದು. ಕಾರ್ಖಾನೆಯ ಗುರುತಿನ ಚೀಟಿ ನೋಡಿ ಕೊಟ್ಟರೂ ಸಾಕು. ದೊಡ್ಡ ಖರ್ಚಿನ ಮಾತಲ್ಲ ಇದು.

ಇಂಥದ್ದು ಕಾನೂನಿನಲ್ಲಿ ಸಾಧ್ಯವೇ ಎಂದು ಕೇಳುವವರಿಗೆ ಒಂದು ಮಾಹಿತಿ. ರಾಜ್ಯಗಳ ನಡುವೆ ಬಸ್ಸು ಓಡಬೇಕಾದರೆ 1988ರ ಮೋಟಾರು ವಾಹನ ಕಾಯ್ದೆಯ 88ನೇ ಕಲಮಿನಂತೆ ಎರಡು ಸರ್ಕಾರಗಳ ನಡುವೆ ಒಪ್ಪಂದ ಆಗಬೇಕು. ಒಪ್ಪಂದದ ಕರಡನ್ನು ರಾಜ್ಯಪತ್ರದಲ್ಲೂ ಪತ್ರಿಕೆಗಳಲ್ಲೂ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು ಎಂದೂ, ಅದಕ್ಕೆ ಕಡಿಮೆಯೆಂದರೆ ಮೂವತ್ತು ದಿನ ಬಿಡಬೇಕು ಎಂದೂ ಅದೇ ಕಲಮಿನಲ್ಲಿದೆ. ಯಾವ ಯಾವ ಊರಿನ ನಡುವೆ ಎಷ್ಟು ಬಸ್ಸು ಓಡಬೇಕು ಎಂಬುದು ಹೀಗೆ ತೀರ್ಮಾನವಾಗುತ್ತದೆ. ಆ ಮೂವತ್ತು ದಿನಗಳಲ್ಲಿ ಖಾಸಗಿ ಬಸ್ ಮಾಲೀಕರು ತಮ್ಮ ಅಹವಾಲು ಕೊಡಬಹುದು, ಹಾಗೆಯೇ ನಮ್ಮ ಹಳ್ಳಿಯವರೂ ಕೊಡಬಹುದು. ಆನೇಕಲ್–ತಳಿ–ಡೆಂಕಣಿಕೋಟೆ, ಸರ್ಜಾಪುರ–ಬಾಗಲೂರು–ಹೊಸೂರು, ಮಾಲೂರು–ಬೇರಿಕೆ–ಶೂಲಗಿರಿ ಮಾರ್ಗಗಳಲ್ಲಿ ಹೊತ್ತಿಗೆ ಸರಿಯಾಗಿ ಓಡುವ ಸರ್ಕಾರಿ ಬಸ್ಸು ಬೇಕೆಂದು ನಾವೇ ಬರೆದುಕೊಡದಿದ್ದರೆ ಬೆಂಗಳೂರಿನಲ್ಲಾಗಲಿ ಚೆನ್ನೈಯಲ್ಲಾಗಲಿ ಬೇರೆ ಯಾರಿಗೂ ಅದು ತೋಚುವುದಿಲ್ಲ.

ಒಳಹಳ್ಳಿಗಳ ವಿಷಯವೂ ಇದೆ. ಜವಳಗಿರಿ, ಅಂಚೆಟ್ಟಿ ಕಡೆ ದಾರಿ ಕಾಡಿನೊಳಗೆ ಹೋಗುತ್ತದೆ. ಬನ್ನೇರುಘಟ್ಟದಿಂದ ತಳಿ, ಜವಳಗಿರಿಯ ಕಾಡಿಗೆ ಬರುವ ಆನೆಗಳು ಹೊಸೂರಿನ ಹತ್ತಿರದ ಸಾನಮಾವು ಕಾಡಿನವರೆಗೂ ಬಂದು ಹೆದ್ದಾರಿಯನ್ನೇ ದಾಟುತ್ತವೆ. ಕತ್ತಲಾದ ಮೇಲೆ ಆ ದಾರಿಗಳಲ್ಲಿ ದ್ವಿಚಕ್ರ ವಾಹನದಲ್ಲಿ ಹೋಗುವುದು ಜೀವದ ಮೇಲಿನ ಆಸೆ ಬಿಟ್ಟವರ ಕೆಲಸ. ಕೊನೆಯ ಬಸ್ಸು ತಪ್ಪಿದವರು ಹೊಸೂರಿನಲ್ಲೇ ಉಳಿಯಬೇಕು. ಅದಕ್ಕೇ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಎರಡನೇ ಪಾಳಿಯ ಕೆಲಸಕ್ಕೆ ಕಳಿಸುವುದಿಲ್ಲ. ತಮಿಳುನಾಡು ಸರ್ಕಾರ 2025ರ ಜೂನ್‌ನಲ್ಲಿ ಬಸ್ಸಿಲ್ಲದ ಹಳ್ಳಿಗಳಿಗಾಗಿ ಹೊಸ ಮಿನಿಬಸ್ ಯೋಜನೆಯನ್ನು ಶುರುಮಾಡಿದೆ. ನಮ್ಮ ಹಳ್ಳಿಗಳಿಗೆ ಹೇಳಿಮಾಡಿಸಿದ ಯೋಜನೆ ಅದು. ಕೇಳಿದ ಊರಿಗೆ ಮೊದಲು ಬರುತ್ತದೆ, ಕೇಳದ ಊರು ಕಾಯುತ್ತಲೇ ಇರುತ್ತದೆ. ಆ ಬಸ್ಸುಗಳ ಬೋರ್ಡಿನಲ್ಲಿ ತಮಿಳಿನ ಜೊತೆಗೆ ಊರ ಹೆಸರನ್ನು ಕನ್ನಡದಲ್ಲೂ ಬರೆಸಿದರೆ ನಮ್ಮ ಅಜ್ಜ ಅಜ್ಜಿಯರು ಇನ್ನೊಬ್ಬರನ್ನು ಕೇಳದೆ ಬಸ್ಸು ಹತ್ತುತ್ತಾರೆ. ಇದನ್ನು ಭಾಷೆಯ ಜಗಳವಾಗಿ ಯಾರೂ ನೋಡಬಾರದೆಂದು ಕೈಮುಗಿದು ಕೇಳುತ್ತೇನೆ.

ಜಗಳದ ಮಾತು ಬಂದದ್ದರಿಂದ, ಈ ಬರಹದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆ ಎದ್ದಾಗ ಎರಡೂ ಕಡೆಯ ಬಸ್ಸುಗಳು ಗಡಿಯಲ್ಲಿ ನಿಂತವು. ಬೆಂಗಳೂರಿನಲ್ಲಿ ತಮಿಳುನಾಡಿನ ನೋಂದಣಿಯ ಬಸ್ಸುಗಳಿಗೆ ಬೆಂಕಿ ಬಿತ್ತು. ದಿನಗಟ್ಟಲೆ ಜನ ಅತ್ತಿಬೆಲೆಯಲ್ಲಿ ಇಳಿದು, ಗಂಟುಮೂಟೆ ತಲೆಯ ಮೇಲಿಟ್ಟುಕೊಂಡು, ಮಕ್ಕಳ ಕೈಹಿಡಿದು ಜೂಜುವಾಡಿಯವರೆಗೆ ನಡೆದರು. ಆಸ್ಪತ್ರೆಗೆ ಹೊರಟವರೂ ಅವರಲ್ಲಿದ್ದರು. 2023ರ ಸೆಪ್ಟೆಂಬರ್ 29ರ ಕರ್ನಾಟಕ ಬಂದ್ ದಿನವೂ ತಮಿಳುನಾಡಿನ ಬಸ್ಸುಗಳು ಗಡಿ ದಾಟಲಿಲ್ಲ. ಹಾಗೆ ನಡೆದುಹೋದವರಲ್ಲಿ ಕನ್ನಡ ಮಾತಾಡುವವರೂ ಇದ್ದರು ಎಂಬುದು ಬಂದ್ ಕರೆದವರಿಗೆ ಗೊತ್ತಿತ್ತೋ ಇಲ್ಲವೋ. ಕಾವೇರಿಯ ಮೇಲೆ ಕರ್ನಾಟಕಕ್ಕಿರುವ ಹಕ್ಕಿನ ಬಗ್ಗೆ ಇಲ್ಲಿ ನಾನು ಮಾತಾಡುತ್ತಿಲ್ಲ, ಅದು ನ್ಯಾಯಾಲಯದಲ್ಲೂ ಕಾವೇರಿ ಪ್ರಾಧಿಕಾರದಲ್ಲೂ ತೀರ್ಮಾನವಾಗುವ ವಿಷಯ. ನಾನು ಕೇಳುವುದು ಇಷ್ಟೇ: ಪ್ರತಿಭಟನೆ ಮಾಡುವವರು ಮಾಡಲಿ, ಬಸ್ಸನ್ನು ತಡೆಯುವುದು ಬೇಡ. ಕನ್ನಡ ಸಂಘಟನೆಗಳ ಮುಖಂಡರಲ್ಲಿ ನನ್ನ ಪ್ರಾರ್ಥನೆ, ಹೊಸೂರು ಗಡಿಯಲ್ಲಿ ಬಸ್ಸು ನಿಂತಾಗ ಮೊದಲು ಪೆಟ್ಟು ಬೀಳುವುದು ಗಡಿಯಾಚೆಯ ಕನ್ನಡಿಗನಿಗೆ. ತಮಿಳು ಸಂಘಟನೆಗಳ ಅಣ್ಣಂದಿರಲ್ಲೂ ಇದೇ ಪ್ರಾರ್ಥನೆ.

ಇನ್ನು ರೈಲು. ನಮ್ಮ ಸೀಮೆ ಒಮ್ಮೆ ರೈಲು ಪಡೆದು ಕಳೆದುಕೊಂಡಿದೆ ಎಂಬುದು ಹೊಸ ತಲೆಮಾರಿಗೆ ಗೊತ್ತಿಲ್ಲ. 1905ರಲ್ಲಿ ತಿರುಪತ್ತೂರಿನಿಂದ ಕೃಷ್ಣಗಿರಿಗೆ, 1906ರಲ್ಲಿ ಮೊರಪ್ಪೂರಿನಿಂದ ಧರ್ಮಪುರಿಗೆ ಎರಡೂವರೆ ಅಡಿ ಅಗಲದ ಸಣ್ಣ ಹಳಿ ಹಾಕಿದರು. ಬರಗಾಲದಲ್ಲಿ ಧಾನ್ಯ ಸಾಗಿಸುವುದಕ್ಕೆ ಹಾಕಿದ ಹಳಿಗಳು ಅವು. ಧರ್ಮಪುರಿಯ ಹಳಿ 1913ರಲ್ಲಿ ಹೊಸೂರಿಗೂ ಬಂತು. ಎರಡನೇ ಮಹಾಯುದ್ಧ ಮುಗಿಯುವ ಮೊದಲೇ ಇವೆಲ್ಲ ಮುಚ್ಚಿಹೋದವು. ಹೊಸೂರಿಗೆ 1960ರ ದಶಕದ ಕೊನೆಯಲ್ಲಿ ಸೇಲಂ–ಬೆಂಗಳೂರು ಮಾರ್ಗದ ಮೂಲಕ ರೈಲು ಮರಳಿತು, ಕೃಷ್ಣಗಿರಿಗೆ ಮರಳಲೇ ಇಲ್ಲ. ಇಷ್ಟು ಹೆದ್ದಾರಿಗಳು ಕೂಡುವ ಊರು, ಮಾವಿನ ತಿರುಳನ್ನು ದೇಶವಿದೇಶಕ್ಕೆ ಕಳಿಸುವ ಊರು, ಜಿಲ್ಲೆಯ ಕೇಂದ್ರ, ಅಲ್ಲೊಂದು ರೈಲು ನಿಲ್ದಾಣ ಇಲ್ಲ. ಜೋಲಾರಪೇಟೆಯಿಂದ ಕೃಷ್ಣಗಿರಿ ಮೇಲೆ ಹೊಸೂರಿಗೆ ಹೊಸ ಮಾರ್ಗ ಬೇಕೆಂಬ ಬೇಡಿಕೆ ಬಹಳ ಹಳೆಯದು, ಸಮೀಕ್ಷೆಗಳೂ ಆಗಿವೆ. ಸಮೀಕ್ಷೆಯಿಂದ ಹಳಿಯವರೆಗಿನ ದಾರಿಯನ್ನು ದಾಟಿಸುವುದು ಸಂಸದರ ಕೆಲಸ. ಅದನ್ನು ಅವರಿಗೆ ನೆನಪಿಸುತ್ತಲೇ ಇರಬೇಕು.

ಹೊಸೂರು–ಬೆಂಗಳೂರು ಹಳಿಯಲ್ಲಿ ಆಸೆ ಇಡಬಹುದಾದ ಕೆಲಸ ನಡೆದಿದೆ. ಬೈಯಪ್ಪನಹಳ್ಳಿಯಿಂದ ಹೊಸೂರಿನವರೆಗೆ 48 ಕಿ.ಮೀ. ಜೋಡಿ ಹಳಿಯ ಕೆಲಸವನ್ನು ಕೆ-ರೈಡ್ ಸಂಸ್ಥೆ ವಹಿಸಿಕೊಂಡಿದೆ. ಇಷ್ಟು ದಿನ ಒಂಟಿ ಹಳಿಯ ಮೇಲೆ ಎದುರು ರೈಲಿಗೆ ದಾರಿ ಬಿಡುತ್ತಾ ನಿಲ್ಲುವುದೇ ಹೆಚ್ಚಾಗಿತ್ತು, ಹೊಸ ರೈಲು ಕೇಳಿದರೆ ಜಾಗವಿಲ್ಲ ಎಂಬ ಉತ್ತರ ಬರುತ್ತಿತ್ತು. ಜೋಡಿ ಹಳಿ ಬಂದ ಮೇಲೆ ಆ ಉತ್ತರ ನಡೆಯದು. ಹೀಗೆ ಸಿಗುವ ಜಾಗವನ್ನು ಯಾವ ರೈಲಿಗೆ ಕೊಡುತ್ತಾರೆ ಎಂಬುದರ ಮೇಲೆ ಕಣ್ಣಿಡಬೇಕಾದ ಕಾಲ ಇದು. ವಂದೇ ಭಾರತ್ ಬೇಡವೆಂದು ಯಾರೂ ಹೇಳುವುದಿಲ್ಲ, ಆದರೆ ಆನೇಕಲ್ ರೋಡ್, ಹೀಲಲಿಗೆ, ಕಾರ್ಮೆಲಾರಂ, ಬೆಳ್ಳಂದೂರು ರೋಡ್ ನಿಲ್ದಾಣಗಳಲ್ಲಿ ನಿಂತು, ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತಿಗೆ ಓಡುವ ಮೆಮು ರೈಲುಗಳು ಬೆಳಗ್ಗೆಯೂ ಸಂಜೆಯೂ ಬೇಕು. ಬೆಂಗಳೂರಿನ ಹೊರವರ್ತುಲ ರಸ್ತೆಯ ಐಟಿ ಕಚೇರಿಗಳಿಗೆ ಹೋಗುವವರಿಗೂ ಇದು ಬೆಳ್ಳಂದೂರಿನ ವಾಹನದಟ್ಟಣೆಯಿಂದ ಬಿಡುಗಡೆ. ಬೆಂಗಳೂರು ಉಪನಗರ ರೈಲು ಯೋಜನೆಯ ಕನಕ ಮಾರ್ಗ ಹೀಲಲಿಗೆಯಿಂದ ರಾಜಾನುಕುಂಟೆಗೆ 46.88 ಕಿ.ಮೀ. ಹೀಲಲಿಗೆಯ ಮುಂದೆ ಆನೇಕಲ್ ರೋಡ್ ದಾಟಿದರೆ ಹೊಸೂರು. ಅಷ್ಟು ದೂರ ಬಂದ ಮಾರ್ಗವನ್ನು ಗಡಿ ಮುಟ್ಟುವ ಮೊದಲೇ ನಿಲ್ಲಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಮೆಟ್ರೊ ಬಗ್ಗೆ ಗಲಾಟೆ ಜಾಸ್ತಿ, ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19.15 ಕಿ.ಮೀ. ಹಳದಿ ಮಾರ್ಗ ಉದ್ಘಾಟನೆಯಾಯಿತು. ಬೊಮ್ಮಸಂದ್ರದಿಂದ ಹೊಸೂರು ಬಸ್ ನಿಲ್ದಾಣ ಹೆಚ್ಚು ದೂರವಿಲ್ಲ. ಹಳದಿ ಮಾರ್ಗವನ್ನು ಹೊಸೂರಿಗೆ ಮುಂದುವರಿಸಲು ಚೆನ್ನೈ ಮೆಟ್ರೊ ನಿಗಮ ಕಾರ್ಯಸಾಧ್ಯತಾ ವರದಿ ಮಾಡಿಸಿದೆ. ಬೆಂಗಳೂರಿನ ಹಳದಿ ಮಾರ್ಗ ಮೂರನೇ ಹಳಿಯಿಂದ 750 ವೋಲ್ಟ್ ವಿದ್ಯುತ್ ಪಡೆಯುತ್ತದೆ, ಚೆನ್ನೈಯವರ ಪದ್ಧತಿ ಮೇಲ್ತಂತಿಯ 25 ಸಾವಿರ ವೋಲ್ಟ್, ಎರಡೂ ಕೂಡುವುದಿಲ್ಲ ಎಂಬ ತಕರಾರು ಎದ್ದಿದೆ. ರೈಲು ಕೂಡದಿದ್ದರೇನು, ಒಂದೇ ಪ್ಲಾಟ್‌ಫಾರ್ಮಿನಲ್ಲಿ ಈ ರೈಲಿನಿಂದ ಇಳಿದು ಆ ರೈಲು ಹತ್ತುವಂತೆ ಮಾಡಬಹುದು. ಜನ ಮೆಜೆಸ್ಟಿಕ್‌ನಲ್ಲಿ ದಿನಾ ಮಾರ್ಗ ಬದಲಿಸುತ್ತಿದ್ದಾರೆ.

ಇನ್ನೊಂದು ತಕರಾರು ಗಂಭೀರವಾದದ್ದು. ಮೆಟ್ರೊ ಬಂದರೆ ಕರ್ನಾಟಕದ ಕಾರ್ಖಾನೆಗಳು, ಕೆಲಸಗಳು ಹೊಸೂರಿಗೆ ಹೋಗುತ್ತವೆ ಎಂದು ಬೆಂಗಳೂರಿನ ಗೆಳೆಯರು ಹೇಳುತ್ತಾರೆ. ಅವರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಹೊಸೂರಿಗೆ ಬಂದದ್ದು 1980ರ ದಶಕ ಮುಗಿಯುವ ಮೊದಲೇ. ಆಗ ಬೆಂಗಳೂರಿನಲ್ಲೇ ಮೆಟ್ರೊ ಇರಲಿಲ್ಲ. ಜಮೀನು, ರಿಯಾಯಿತಿ, ವಿದ್ಯುತ್ತು ನೋಡಿ ಕಾರ್ಖಾನೆ ಬರುತ್ತದೆ. ಆನೇಕಲ್, ಅತ್ತಿಬೆಲೆ, ಚಂದಾಪುರದಿಂದ ಹೊಸೂರಿನ ಕಾರ್ಖಾನೆಗಳಿಗೆ ದಿನಾ ಬರುವ ಕನ್ನಡಿಗರಿದ್ದಾರೆ, ಹೊಸೂರಿನಿಂದ ಎಲೆಕ್ಟ್ರಾನಿಕ್ಸ್ ಸಿಟಿಗೆ ಹೋಗುವ ಕನ್ನಡಿಗರೂ ಇದ್ದಾರೆ. ಮೆಟ್ರೊ ಬೇಡವೆನ್ನುವುದರಿಂದ ಇವರ ದಾರಿ ಕಷ್ಟವಾಗುತ್ತದೆಯೇ ಹೊರತು ಒಂದು ಕಾರ್ಖಾನೆಯೂ ಹಿಂದಕ್ಕೆ ಬರುವುದಿಲ್ಲ.

ವಿಮಾನ ನಿಲ್ದಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2024ರ ಜೂನ್‌ನಲ್ಲಿ ತಮಿಳುನಾಡಿನ ಮುಖ್ಯಮಂತ್ರಿಗಳಾಗಿದ್ದ ಎಂ.ಕೆ. ಸ್ಟಾಲಿನ್ ಅವರು ಹೊಸೂರಿಗೆ ಎರಡು ಸಾವಿರ ಎಕರೆಯ ನಿಲ್ದಾಣವನ್ನು ವಿಧಾನಸಭೆಯಲ್ಲಿ ಪ್ರಕಟಿಸಿದರು. ಬೆಂಗಳೂರು ವಿಮಾನ ನಿಲ್ದಾಣದ ಒಪ್ಪಂದದಂತೆ 150 ಕಿ.ಮೀ. ಒಳಗೆ 2033ರವರೆಗೆ ಇನ್ನೊಂದು ನಿಲ್ದಾಣಕ್ಕೆ ಅಡ್ಡಿಯಿದೆ. ಬೇರಿಕೆ–ಬಾಗಲೂರು ನಡುವಿನ ಜಾಗದ ಹೆಸರು ಮುಂದಿದೆ. ಗುಲಾಬಿ, ತರಕಾರಿ ಬೆಳೆಯುವ ನೆಲ ಅದು, ಕನ್ನಡ, ತೆಲುಗು ಮಾತಿನ ಸಣ್ಣ ರೈತರ ಊರುಗಳು. ನೆಲ ಕೊಡುವ ಮೊದಲು ಅವರಿಗೆ ಕಾಗದಪತ್ರಗಳನ್ನು ಅವರ ಭಾಷೆಯಲ್ಲಿ ಓದಿ ಹೇಳಬೇಕು. ಆ ಕೆಲಸಕ್ಕೆ ಕನ್ನಡ ಬಲ್ಲ ವಕೀಲರು ಮುಂದೆ ಬನ್ನಿ ಎಂದು ಕೇಳಿಕೊಳ್ಳುತ್ತೇನೆ.

ಈಗ ನೀವು ಮಾಡಬಹುದಾದ ಕೆಲಸ. ಕೃಷ್ಣಗಿರಿ ಜಿಲ್ಲೆಯ ಹಳ್ಳಿಗಳಲ್ಲಿರುವವರಿಗೆ ಗ್ರಾಮಸಭೆ ಇದೆ. ತಮಿಳುನಾಡಿನಲ್ಲಿ ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಗ್ರಾಮಸಭೆಯ ದಿನಗಳು. ನವೆಂಬರ್ 1ರಂದು ನಾವು ಹೇಗೂ ರಾಜ್ಯೋತ್ಸವ ಎಂದು ಸೇರುತ್ತೇವೆ. ಅಂದು ಗ್ರಾಮಸಭೆಗೂ ಹೋಗಿ ಬಸ್ಸಿನ ಬೇಡಿಕೆಯನ್ನು ನಿರ್ಣಯದ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿನಲ್ಲಿ ಬಿಟ್ಟರೆ ಅದು ಅಲ್ಲಿಗೇ ಮುಗಿಯುತ್ತದೆ. ನಿರ್ಣಯದ ನಕಲನ್ನು ಹೊಸೂರು ಉಪ ಕಲೆಕ್ಟರ್ ಕಚೇರಿಗೂ, ಸಾರಿಗೆ ನಿಗಮಕ್ಕೂ ಕೊಡಿ. ಹೆದ್ದಾರಿಯಲ್ಲಿ ದೀಪ ಕೆಟ್ಟಿದ್ದರೆ, ಸರ್ವಿಸ್ ರಸ್ತೆ ಮುರಿದಿದ್ದರೆ, ಜನ ದಾಟಲು ಜಾಗವಿಲ್ಲದಿದ್ದರೆ 1033ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಆನೇಕಲ್, ಅತ್ತಿಬೆಲೆ, ಚಂದಾಪುರದವರೇ, ನಿಮ್ಮದು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರ, ನಮ್ಮದು ಕೃಷ್ಣಗಿರಿ ಕ್ಷೇತ್ರ. ಹಳಿ ಒಂದೇ. ಒಂದೇ ಅರ್ಜಿಯನ್ನು ಕನ್ನಡದಲ್ಲೂ ತಮಿಳಿನಲ್ಲೂ ಬರೆದು ಇಬ್ಬರು ಸಂಸದರಿಗೂ ಒಟ್ಟಿಗೆ ಕೊಡೋಣ, ಅದರ ಪ್ರತಿಯನ್ನು ಬೆಂಗಳೂರು ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೂ ಕಳಿಸೋಣ. ವಿಭಾಗದ ರೈಲ್ವೆ ಬಳಕೆದಾರರ ಸಮಾಲೋಚನಾ ಸಮಿತಿಯಲ್ಲಿ ಹೊಸೂರು ಮಾರ್ಗದ ನಿತ್ಯ ಪ್ರಯಾಣಿಕರ ಮಾತು ಬರಲಿ ಎಂದೂ ಅದರಲ್ಲಿ ಕೇಳೋಣ. ಬೆಂಗಳೂರಿನ ಪತ್ರಿಕೆಗಳಲ್ಲಿ, ಟಿವಿಗಳಲ್ಲಿ ದುಡಿಯುವ ಗೆಳೆಯರು ಗಡಿಯ ಬಂದ್ ದಿನ ಮಾತ್ರ ಕ್ಯಾಮೆರಾ ಹಿಡಿದು ಅತ್ತಿಬೆಲೆಗೆ ಬರದೆ, ಯಾವುದಾದರೂ ಸೋಮವಾರ ಬೆಳಗ್ಗೆ ಏಳು ಗಂಟೆಗೆ ಬಂದು ಜೂಜುವಾಡಿಯಲ್ಲಿ ನಿಂತು ನೋಡಲಿ.

ಅರ್ಜಿಯಲ್ಲಿ ಮೂರು ವಿಷಯ ಸಾಕು: ನಿಮ್ಮ ಊರಿನ ಹೆಸರು, ಬಸ್ಸೋ ರೈಲೋ ಬೇಕಾದ ಹೊತ್ತು, ಆ ಹೊತ್ತಿಗೆ ದಿನಾ ಹತ್ತುವವರು ಎಷ್ಟು ಜನ. ಜನರ ಹೆಸರು, ಸಹಿ ಜೊತೆಗಿರಲಿ. ಮುಂದಿನ ಗ್ರಾಮಸಭೆಗೆ ಮೊದಲು ನಿಮ್ಮ ಬೀದಿಯಲ್ಲಿ ಇಷ್ಟನ್ನು ಬರೆದು ಮುಗಿಸಿ, ತಡಮಾಡಬೇಡಿ.